ಯುದ್ಧ ಮತ್ತು ರಾಜಕೀಯ: ಬೆಂಗಳೂರು ಪೇಟೆಯ ನಿದರ್ಶನ

ಸಂಘಟಿತ ಪಕ್ಷಗಳು ಆಯುಧ ಹಿಡಿದು, ಒಂದರ ಇಚ್ಛೆಯನ್ನು ಇನ್ನೊಂದರ ಮೇಲೆ ಹೇರಲು ನಡೆಸುವ ಹೋರಾಟಕ್ಕೆ ಯುದ್ಧವೆಂದು ಹೆಸರು. ಸಮುದಾಯದಲ್ಲಿ ಯಾರ ಮಾತು ನಡೆಯಬೇಕು, ಕಂದಾಯ ಯಾರು ಕಟ್ಟಬೇಕು, ಯಾರ ಪಾಲಿಗೆ ಏನು ಸಲ್ಲಬೇಕು ಎಂಬ ತೀರ್ಮಾನಗಳ ವ್ಯವಹಾರ ರಾಜಕೀಯ. ದರೋಡೆಯಿಂದಲೂ ಬೀದಿ ಹೊಡೆದಾಟದಿಂದಲೂ ಯುದ್ಧ ಬೇರೆಯಾಗುವುದು ಅದರ ಬೆನ್ನಿಗಿರುವ ಈ ಎರಡನೆಯ ವ್ಯವಹಾರದಿಂದ. ಗೆರೆ ಮಾತ್ರ ಯಾವಾಗಲೂ ನಿಚ್ಚಳವಾಗಿರುವುದಿಲ್ಲ: ಗೆದ್ದವನ ಲೂಟಿಗೆ ದಿಗ್ವಿಜಯವೆಂಬ ಹೆಸರು ಬರುತ್ತದೆ, ಸೋತವನದು ಬಂಡಾಯವಾಗಿ ದಾಖಲಾಗುತ್ತದೆ.

ಈ ಸಂಬಂಧವನ್ನು ಇಲ್ಲಿ ಬೆಂಗಳೂರಿನ ಹಳೆಯ ಪೇಟೆಯ, ಅದರಲ್ಲೂ ಕೋಟೆಯ ಮಗ್ಗುಲಿಗಿರುವ ತರಗುಪೇಟೆಯ ಕಡೆಯಿಂದ ನೋಡಲಾಗಿದೆ. ರಣರಂಗದ ವರ್ಣನೆಗಳಲ್ಲಿ ಕತ್ತಿ, ಕುದುರೆ, ಫಿರಂಗಿ ಕಾಣಿಸಿಕೊಳ್ಳುವಷ್ಟು ಕಾಳು ಕಾಣಿಸಿಕೊಳ್ಳುವುದಿಲ್ಲ. ಆದರೆ ಈ ಊರಿನ ಮಟ್ಟಿಗೆ ಆಳುವವರು ಯಾರೆಂಬ ಪ್ರಶ್ನೆ ಮತ್ತೆ ಮತ್ತೆ ಇತ್ಯರ್ಥವಾದದ್ದು ಕಾಳು, ಹುಲ್ಲು ಮತ್ತು ಸಾಲದ ಲೆಕ್ಕದಲ್ಲಿ.

ಸ್ವರೂಪದ ಚರ್ಚೆ

ಯುದ್ಧ ಮನುಷ್ಯನ ಹುಟ್ಟುಗುಣವೇ, ಕಲಿತ ಚಾಳಿಯೇ ಎಂಬ ವಾದ ಹಳೆಯದು. ರಾಜಶಕ್ತಿಯ ಅಂಕೆಯಿಲ್ಲದಿದ್ದರೆ ಮನುಷ್ಯರು ಸದಾ ಕಾದಾಡುತ್ತಲೇ ಇರುತ್ತಾರೆಂದು ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರಲ್ಲಿ ವಾದಿಸಿದ. ಆಸ್ತಿ ಮತ್ತು ಅಸಮಾನತೆ ಹುಟ್ಟಿದ ಮೇಲೆಯೇ ಯುದ್ಧ ಹುಟ್ಟಿತೆಂದು ರೂಸೊ 1755ರಲ್ಲಿ ಎದುರುವಾದ ಹೂಡಿದ. ಸುಡಾನಿನ ಜೆಬೆಲ್ ಸಹಾಬದಲ್ಲಿ ಸಿಕ್ಕ ಸುಮಾರು 13,000 ವರ್ಷ ಹಳೆಯ ಸಮಾಧಿಗಳಲ್ಲಿ ಆಯುಧದ ಗಾಯವಿರುವ ಅಸ್ಥಿಗಳು ಬಹಳ. ಗುಂಪು ಹಿಂಸೆ ಬೇಸಾಯಕ್ಕಿಂತ ಹಳೆಯದೆಂದು ಇದರಿಂದ ತಿಳಿಯುತ್ತದೆ; ಅದು ರಕ್ತದಲ್ಲೇ ಇದೆಯೆಂದು ಮಾತ್ರ ಸಾಬೀತಾಗುವುದಿಲ್ಲ. ತಲೆಮಾರುಗಟ್ಟಲೆ ಯುದ್ಧವಿಲ್ಲದೆ ಬಾಳಿದ ಸಮಾಜಗಳೂ ಇವೆ. ಹುಟ್ಟುಗುಣದ ವಾದದಲ್ಲಿ ಒಂದು ಅನುಕೂಲವಿದೆ: ಅದನ್ನು ಒಪ್ಪಿಬಿಟ್ಟರೆ ನಿರ್ದಿಷ್ಟ ಯುದ್ಧವೊಂದನ್ನು ತೀರ್ಮಾನಿಸಿದವರ ಹೆಸರು ಕೇಳುವ ಅಗತ್ಯವೇ ಬೀಳುವುದಿಲ್ಲ.

ಈ ವಿಷಯದ ಬಹುಮುಖ್ಯ ಭಾರತೀಯ ಗ್ರಂಥ ಆಧುನಿಕ ಲೋಕದ ಕಣ್ಣಿಗೆ ಬಿದ್ದದ್ದು ಮೈಸೂರಿನಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯನ್ನು ಅಲ್ಲಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳ ರಾಜ್ಯವನ್ನು ಕೌಟಿಲ್ಯ ಹೇಳುತ್ತಾನೆ. ಸೈನ್ಯವೆಂಬ ದಂಡ ಬರುವುದು ಬೊಕ್ಕಸದ ನಂತರ, ಬೊಕ್ಕಸ ಬರುವುದು ದುಡಿಯುವ ಜನ ಮತ್ತು ಕೋಟೆಗಳ ನಂತರ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ನೀತಿಗಳಲ್ಲಿ ಕಾಳಗ ಒಂದು ಮಾತ್ರ. ಸುಮ್ಮನೆ ಕೂರುವುದೂ ಒಂದು ನೀತಿಯೇ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೂ ಸಾಮ, ದಾನ, ಭೇದಗಳು ಮುಗಿದ ಮೇಲೆಯೇ ದಂಡಕ್ಕೆ ಬರುತ್ತದೆ. ಪ್ರಷ್ಯದ ಸೇನಾಧಿಕಾರಿ ಕ್ಲಾಸೆವಿಟ್ಸನ ಗ್ರಂಥ ಅವನು ಸತ್ತ ಮರುವರ್ಷ, 1832ರಲ್ಲಿ ಹೊರಬಂತು. ಯುದ್ಧಕ್ಕೆ ಸ್ವಂತ ತರ್ಕವಿಲ್ಲ, ಅದು ರಾಜಕೀಯದ ಕೈಯಲ್ಲಿರುವ ಒಂದು ಸಾಧನ ಎಂಬ ಅವನ ನಿಲುವು ಯುರೋಪಿನಲ್ಲಿ ಪ್ರಸಿದ್ಧವಾಯಿತು. ಇಪ್ಪತ್ತನೆಯ ಶತಮಾನದ ಕೊನೆಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಟಿಲ್ಲಿ ಇದನ್ನು ತಿರುಗಿಸಿ ನೋಡಿದ. ಸೈನ್ಯ ಸಾಕಲು ಕಂದಾಯ ಬೇಕು, ಕಂದಾಯ ಎತ್ತಲು ದಫ್ತರ ಬೇಕು, ದಫ್ತರ ಕಾಯಲು ಮತ್ತೆ ಸೈನ್ಯ ಬೇಕು. ರಾಜ್ಯವೆಂಬುದು ಹೀಗೆ ಯುದ್ಧದಿಂದಲೇ ಬೆಳೆಯಿತೆಂದು ಅವನ ವಾದ. ಯುರೋಪನ್ನು ಕುರಿತು ಹೇಳಿದ ಈ ಮಾತು ಹದಿನೆಂಟನೆಯ ಶತಮಾನದ ಮೈಸೂರಿಗೆ ಚೆನ್ನಾಗಿಯೇ ಒಪ್ಪುತ್ತದೆ.

ಬೇಗೂರಿನ ಕಲ್ಲು

ಬೆಂಗಳೂರೆಂಬ ಹೆಸರು ಮೊದಲು ಸಿಗುವುದೇ ಒಂದು ಕಾಳಗದ ದಾಖಲೆಯಲ್ಲಿ. ಊರಿನ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿರುವ, ಸುಮಾರು ಕ್ರಿ.ಶ. 900ರ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರ ಕಾಳಗದಲ್ಲಿ ಮಡಿದವನ ಉಲ್ಲೇಖವಿದೆ. ಸತ್ತವನು ನಾಗತ್ತರನೆಂಬ ಅಧಿಕಾರಿಯ ಕಡೆಯವ. ಅದೇ ಬೇಗೂರಿನ ಇನ್ನೊಂದು ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿಲ್ಲಾಳುಗಳು ಒಬ್ಬರ ಮೇಲೊಬ್ಬರು ಏರಿಬಿದ್ದ ದೊಡ್ಡ ಚಪ್ಪಡಿ ಅದು. ನೋಡಲು ಬಂದವರ ಕಣ್ಣು ಕೆತ್ತನೆಯ ಮೇಲೆಯೇ ನಿಲ್ಲುತ್ತದೆ. ಬರಹ ಓದಿದರೆ ಮಾತ್ರ ವಿಷಯ ಬಿಚ್ಚಿಕೊಳ್ಳುತ್ತದೆ: ವೀರಮಹೇಂದ್ರನೆಂಬವನೆದುರು ನಾಗತ್ತರ ಕಾದಿ ಸತ್ತ, ಅದನ್ನು ಕೇಳಿದ ಗಂಗ ದೊರೆ ಎರೆಯಪ್ಪ ಆ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಬೇಗೂರು ಸೀಮೆಯ ಹಳ್ಳಿಗಳನ್ನು ಕೊಟ್ಟ.

ಸಾವು, ಪಟ್ಟ, ಭೂಮಿ ಮೂರೂ ಒಂದೇ ಕಲ್ಲಿನ ಮೇಲಿವೆ. ಮಧ್ಯಕಾಲದ ಕರ್ನಾಟಕದಲ್ಲಿ ಇದಕ್ಕೆ ಪೂರ್ತಿ ಪರಿಭಾಷೆಯೇ ಇತ್ತು. ಮಡಿದವನ ಮನೆಗೆ ನೆತ್ತರುಗೊಡಗೆ, ಕಾದಿದವನಿಗೆ ಬಾಳ್ಗಳ್ಚು, ಜೊತೆಗೆ ಕಲ್ನಾಡು ಎಂಬ ಭೂದಾನಗಳು. ವೀರಗಲ್ಲುಗಳನ್ನು ನಾವು ಸಾಮಾನ್ಯವಾಗಿ ಶೌರ್ಯದ ಸ್ಮಾರಕಗಳೆಂದು ಓದುತ್ತೇವೆ. ಅವು ಭೂದಾಖಲೆಗಳೂ ಹೌದು. ಮುಂದೆ ಯಾರಾದರೂ ತಕರಾರು ತೆಗೆದರೆ ತೋರಿಸಲು ನಿಲ್ಲಿಸಿದ ಕಲ್ಲುಪತ್ರಗಳು. ಆಸ್ಥಾನದ ಕಾವ್ಯವೂ ಈ ಏರ್ಪಾಟಿನಿಂದ ಹೊರಗಿರಲಿಲ್ಲ. 941ರ ವಿಕ್ರಮಾರ್ಜುನ ವಿಜಯದಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿದ್ದರಲ್ಲಿ ಭಕ್ತಿಯಷ್ಟೇ ರಾಜಕಾರಣವೂ ಇದೆ.

ಪೇಟೆಯ ಒಡೆಯರು

ಒಂದನೆಯ ಕೆಂಪೇಗೌಡ 1537ರಲ್ಲಿ ಕಟ್ಟಿಸಿದನೆನ್ನುವ ಮಣ್ಣಿನ ಕೋಟೆಯೊಳಗೆ ಕಸುಬಿಗೊಂದು ಕೇರಿ ಬೆಳೆಯಿತು. ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ, ಅಕ್ಕಿಗೆ ಅಕ್ಕಿಪೇಟೆ, ಕಾಳುಕಡ್ಡಿಯ ಸಗಟಿಗೆ ತರಗುಪೇಟೆ. ಊರು ಬಯಲುಸೀಮೆಯಿಂದ ತಮಿಳು ನಾಡಿಗೆ ಇಳಿಯುವ ದಾರಿಗಳು ಕೂಡುವ ಕಡೆ ಇದ್ದುದರಿಂದ ಸುಂಕವೂ ಸಿಗುತ್ತಿತ್ತು, ಕಣ್ಣೂ ಬೀಳುತ್ತಿತ್ತು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಇದನ್ನು ಹಿಡಿದ. ಕೆಂಪೇಗೌಡರ ವಂಶ ಮಾಗಡಿಗೆ ಸರಿಯಿತು. ಊರು ಶಹಾಜಿ ಭೋಸಲೆಗೆ ಜಹಗೀರಾಯಿತು. 1687ರಲ್ಲಿ ಮೊಗಲ್ ಸೇನಾನಿ ಕಾಸಿಂ ಖಾನ್ ಬಂದ. ಅವನು ಅದನ್ನು ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಬಿಟ್ಟುಕೊಟ್ಟ. ಪೇಟೆಯ ದಕ್ಷಿಣಕ್ಕೆ ಅಂಡಾಕಾರದ ಹೊಸ ಕೋಟೆ, ಅದರೊಳಗೆ ವೆಂಕಟರಮಣನ ಗುಡಿ ಎದ್ದದ್ದು ಈ ವ್ಯಾಪಾರದ ನಂತರ. ಕತ್ತಿಯಿಂದ ಗೆದ್ದ ಊರು ಹಣಕ್ಕೆ ಕೈ ಬದಲಾಯಿಸಿದ್ದಕ್ಕೆ ಆ ಕಾಲದಲ್ಲಿ ಯಾರೂ ಹುಬ್ಬೇರಿಸಲಿಲ್ಲ. ಕಾಸಿಂ ಖಾನನಿಗೆ ಊರು ಕಾಯುವ ಖರ್ಚಿಗಿಂತ ಮಾರುವ ಬೆಲೆ ಹೆಚ್ಚೆನಿಸಿರಬೇಕು.

1758ರ ಹೊತ್ತಿಗೆ ಬೆಂಗಳೂರು ಮೈಸೂರಿನ ಸೇನಾನಿ ಹೈದರ್ ಅಲಿಗೆ ಜಹಗೀರಾಗಿ ಸಿಕ್ಕಿತ್ತು. ಎರಡೇ ವರ್ಷಕ್ಕೆ ಅದರ ಬೆಲೆ ಅವನಿಗೆ ಗೊತ್ತಾಯಿತು. 1760ರಲ್ಲಿ ಅವನದೇ ದಿವಾನನಾಗಿದ್ದ ಖಂಡೇರಾಯ ಅರಮನೆಯೊಡನೆ ಸೇರಿ ತಿರುಗಿಬಿದ್ದಾಗ ಹೈದರ್ ಹೆಂಡತಿ ಮಕ್ಕಳನ್ನೂ ಬೊಕ್ಕಸವನ್ನೂ ಬಿಟ್ಟು ರಾತ್ರೋರಾತ್ರಿ ಶ್ರೀರಂಗಪಟ್ಟಣದಿಂದ ಓಡಿದ. ಆನೇಕಲ್ಲಿನ ದಾರಿಯಾಗಿ ಬೆಂಗಳೂರು ಮುಟ್ಟಿದ. ಕೋಟೆ ಅವನ ಕಡೆಯವರ ಕೈಯಲ್ಲೇ ಉಳಿದಿತ್ತು, ಹಣ ಮಾತ್ರ ಇರಲಿಲ್ಲ. ಪೇಟೆಯ ಸಾಹುಕಾರರಿಂದ ತನ್ನ ಮಾತಿನ ಮೇಲೆಯೇ ಸಾಲ ಎತ್ತಿ, ಪಡೆ ಕಟ್ಟಿ, ಮರುವರ್ಷ ರಾಜ್ಯವನ್ನೇ ವಶಪಡಿಸಿಕೊಂಡ. ಕೋಟೆಯನ್ನು ಕಲ್ಲಿನಲ್ಲಿ ಎತ್ತಿಸಲು ಶುರುಮಾಡಿದ್ದೂ 1761ರಲ್ಲೇ. ಹೈದರನ ಏಳಿಗೆಯನ್ನು ಖಡ್ಗದ ಕಥೆಯಾಗಿ ಹೇಳುವವರು ಈ ಸಾಲದ ಮಾತನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಸಾಹುಕಾರರು ಅಂದು ಕೈ ಎತ್ತಿದ್ದರೆ ಮುಂದಿನ ನಾಲ್ಕು ದಶಕದ ಮೈಸೂರು ಇತಿಹಾಸ ಬೇರೆಯಾಗಿರುತ್ತಿತ್ತು.

1791: ಪೇಟೆ ಮತ್ತು ಕೋಟೆಯ ಮುತ್ತಿಗೆ

1789ರ ಡಿಸೆಂಬರ್ 29ರಂದು ಹೈದರನ ಮಗ ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ನುಗ್ಗಿದ್ದು ಮೂರನೆಯ ಮೈಸೂರು ಯುದ್ಧಕ್ಕೆ ನೆವವಾಯಿತು. ತಿರುವಾಂಕೂರು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಮಿತ್ರರಾಜ್ಯ. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂದೂಕಿಗಿಂತ ಮೊದಲು ಕಾಗದ ಹಿಡಿದ. 1790ರ ಜೂನಿನಲ್ಲಿ ಪುಣೆಯ ಪೇಶ್ವೆಯೊಡನೆ, ಜುಲೈನಲ್ಲಿ ಹೈದರಾಬಾದಿನ ನಿಜಾಮನೊಡನೆ ಒಪ್ಪಂದವಾಯಿತು. ಗೆದ್ದ ಸೀಮೆಯನ್ನು ಸಮಪಾಲು ಮಾಡಿಕೊಳ್ಳುವುದೆಂದು ಗೆಲ್ಲುವ ಮೊದಲೇ ಬರೆದುಕೊಂಡರು. ಆಗಲೂ ಮೊದಲ ವರ್ಷ ಕೈ ಹತ್ತಲಿಲ್ಲ. ಕೊಯಮತ್ತೂರಿನ ಕಡೆಯಿಂದ ಹೊರಟ ಜನರಲ್ ಮೆಡೋಸನ ದಂಡಯಾತ್ರೆಯನ್ನು ಟಿಪ್ಪು ಬೇಕೆಂದ ಕಡೆ ಎಳೆದಾಡಿಸಿದ. ಕೊನೆಗೆ ಕಾರ್ನ್‌ವಾಲಿಸ್ ತಾನೇ ಸೇನೆಯ ಹೊಣೆ ಹೊತ್ತ. ಹತ್ತು ವರ್ಷದ ಹಿಂದೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿ ಬಂದಿದ್ದ ಮನುಷ್ಯ ಅವನು. ಶ್ರೀರಂಗಪಟ್ಟಣಕ್ಕೆ ನೇರ ಹೋಗುವ ಬದಲು ಬೆಂಗಳೂರನ್ನು ಹಿಡಿದು ಉಗ್ರಾಣ ಮಾಡಿಕೊಳ್ಳುವುದು ಅವನ ಯೋಜನೆ. ಆಂಬೂರಿನ ಕಣಿವೆ ಏರುವಂತೆ ತೋರಿಸಿ, ಮುಗಳಿ ಕಣಿವೆಯಲ್ಲಿ ಘಟ್ಟ ಹತ್ತಿ, ಕೋಲಾರ, ಹೊಸಕೋಟೆ ದಾಟಿ 1791ರ ಮಾರ್ಚ್ 5ರಂದು ಬೆಂಗಳೂರಿನೆದುರು ಬಿಡಾರ ಹೂಡಿದ.

ಪೇಟೆಯ ಸುತ್ತ ದಟ್ಟ ಮುಳ್ಳುಬೇಲಿ, ಒಳಗೆ ಕಂದಕ, ಮಣ್ಣಿನ ಗೋಡೆ. ಮಾರ್ಚ್ 7ರ ಬೆಳಗ್ಗೆ ಹಲಸೂರು ಬಾಗಿಲ ಮೇಲೆ ದಾಳಿ ನಡೆಯಿತು. ಬಾಗಿಲಿನ ಹಿಂದೆ ಕಲ್ಲು ಪೇರಿಸಿದ್ದರಿಂದ ಸಣ್ಣ ಫಿರಂಗಿಗೆ ಅದು ಜಗ್ಗಲಿಲ್ಲ. ದೊಡ್ಡದು ತರಿಸಿ ಹೊಡೆದಾಗ ಹಲಗೆಯಲ್ಲಿ ಕಿಂಡಿಯಷ್ಟು ಸಂದು ಬಿತ್ತು. ಅದರಲ್ಲಿ ಮೊದಲು ನುಸುಳಿದವನು ಏರ್ ಎಂಬ ತೀರ ಗಿಡ್ಡ ಮೈಕಟ್ಟಿನ ಲೆಫ್ಟಿನೆಂಟ್ ಎಂದು ಅಂದಿನ ಬರಹಗಳು ಹೇಳುತ್ತವೆ. ಅದೇ ಬಾಗಿಲಲ್ಲಿ ಫಿರಂಗಿದಳದ ಕರ್ನಲ್ ಮೂರ್‌ಹೌಸ್ ಗುಂಡು ತಗುಲಿ ಸತ್ತ. ರಾಬರ್ಟ್ ಹೋಮ್ ಬರೆದ ಚಿತ್ರದಿಂದಾಗಿ ಇಂಗ್ಲೆಂಡಿನಲ್ಲಿ ಬೆಂಗಳೂರಿನ ಹೆಸರು ಕೇಳದವರಿಗೂ ಆ ಸಾವು ಗೊತ್ತಾಯಿತು. ಪೇಟೆಯನ್ನು ಮರಳಿ ಹಿಡಿಯಲು ಟಿಪ್ಪು ಕಳಿಸಿದ ಪಡೆ ಓಣಿ ಓಣಿಯಲ್ಲಿ ಕಾದು ಹಿಂದೆಗೆಯಿತು. ಕಂಪನಿಯ ಸೈನಿಕರು ಬಟ್ಟೆ, ಕಾಳು, ಪಾತ್ರೆ ಪದಾರ್ಥವೆನ್ನದೆ ಪೇಟೆಯನ್ನು ದೋಚಿದರು. ಮೂರ್‌ಹೌಸನಿಗೆ ಚಿತ್ರ ಸಿಕ್ಕಿತು. ಮಳಿಗೆ ಕಳೆದುಕೊಂಡವರ ಹೆಸರು ಒಂದೂ ಉಳಿಯಲಿಲ್ಲ.

ಪೇಟೆಯಿಂದ ಕೋಟೆಗೆ ಗುಂಡು ಹೊಡೆಯುತ್ತ ಎರಡು ವಾರ ಕಳೆಯಿತು. ಟಿಪ್ಪುವಿನ ದಂಡು ಹತ್ತಿರದಲ್ಲೇ ಇತ್ತು. ಆದ್ದರಿಂದ ಮುತ್ತಿಗೆ ಹಾಕಿದವರೂ ಒಂದು ಲೆಕ್ಕದಲ್ಲಿ ಮುತ್ತಿಗೆಯಲ್ಲೇ ಇದ್ದರು. ಹೊರಗೆ ಮೇವು ತರಲು ಹೋಗುವಂತಿಲ್ಲ. ಪೇಟೆಯ ಮನೆಗಳ ಸೂರಿನ ಹಳೇ ಹುಲ್ಲನ್ನು ಕಿತ್ತು ಕುದುರೆ, ಎತ್ತುಗಳ ಮುಂದೆ ಹಾಕಿದರು, ಅದೂ ಮುಗಿಯಿತು. ಫಿರಂಗಿ ಎಳೆಯುವ ಎತ್ತುಗಳು ದಿನವೂ ಸಾಯುತ್ತಿದ್ದವು. ಕಾರ್ನ್‌ವಾಲಿಸ್ ಮಾರ್ಚ್ 21ರ ರಾತ್ರಿ ಹನ್ನೊಂದರ ಸುಮಾರಿಗೆ, ಗೋಡೆಯ ಬಿರುಕು ಪೂರ್ತಿ ಹದವಾಗುವ ಮೊದಲೇ ಬೆಳುದಿಂಗಳಲ್ಲಿ ನುಗ್ಗಲು ಹೇಳಿದ್ದಕ್ಕೆ ಈ ಹಸಿವೆಯೇ ಮುಖ್ಯ ಕಾರಣ. ಕಿಲ್ಲೇದಾರ ಬಹಾದೂರ್ ಖಾನ್ ಎಪ್ಪತ್ತರ ಮುದುಕ. ಬಿರುಕಿನ ಬಳಿಯೇ ಕಾದಾಡಿ ಸತ್ತ. ಶವ ಒಪ್ಪಿಸುತ್ತೇನೆಂದು ಕಾರ್ನ್‌ವಾಲಿಸ್ ಹೇಳಿಕಳಿಸಿದಾಗ, ಸಿಪಾಯಿ ಬಿದ್ದ ಜಾಗದಲ್ಲೇ ಅವನನ್ನು ಮಣ್ಣು ಮಾಡುವುದು ಯೋಗ್ಯವೆಂದು ಟಿಪ್ಪು ಉತ್ತರಿಸಿದನೆಂದು ಇಂಗ್ಲಿಷ್ ಬರಹಗಾರರೇ ದಾಖಲಿಸಿದ್ದಾರೆ. ಸೋಲಿನ ಬೆನ್ನಲ್ಲೇ ಒಳಗಿನ ರಾಜಕೀಯ ಶುರುವಾಯಿತು: ಶತ್ರುವಿನೊಡನೆ ಒಳಸಂಚು ಮಾಡಿದನೆಂಬ ಶಂಕೆಯ ಮೇಲೆ ಖಜಾನೆಯ ಕೃಷ್ಣರಾಯನಿಗೆ ಟಿಪ್ಪು ಮರಣದಂಡನೆ ವಿಧಿಸಿದ. ಶಂಕೆ ಪೂರ್ತಿ ಆಧಾರವಿಲ್ಲದ್ದೇನೂ ಅಲ್ಲ. ಒಡೆಯರ ಮನೆತನದ ರಾಣಿ ಲಕ್ಷ್ಮಮ್ಮಣ್ಣಿ 1782ರಷ್ಟು ಹಿಂದೆಯೇ ತನ್ನ ಪ್ರತಿನಿಧಿ ತಿರುಮಲರಾಯನ ಮೂಲಕ ಕಂಪನಿಯೊಡನೆ ಕರಾರು ಮಾಡಿಕೊಂಡಿದ್ದಳು.

ಬೆಂಗಳೂರು ಕೈಗೆ ಬಂದರೂ ಯುದ್ಧ ಮುಗಿಯಲಿಲ್ಲ. ಏಪ್ರಿಲ್‌ನಲ್ಲಿ ನಿಜಾಮನ ಕುದುರೆದಂಡು ಬಂದು ಸೇರಿಕೊಂಡಿತು. ಅದು ಕಾದಿದ್ದಕ್ಕಿಂತ ತಿಂದದ್ದು ಹೆಚ್ಚು. ಚನ್ನಪಟ್ಟಣದ ದಾರಿಯ ಮೇವನ್ನು ಟಿಪ್ಪು ಸುಡಿಸಿದ್ದರಿಂದ ಕಾರ್ನ್‌ವಾಲಿಸ್ ಕಾನಕಾನಹಳ್ಳಿಯ ಕಾಡುದಾರಿ ಹಿಡಿದ. ಮೇ 15ರಂದು ಅರಕೆರೆಯ ಬಳಿ ಕಾಳಗ ಗೆದ್ದ. ಗೆದ್ದೂ ಶ್ರೀರಂಗಪಟ್ಟಣ ಮುತ್ತಲಾಗಲಿಲ್ಲ. ಅಕ್ಕಿಯಿಲ್ಲ, ಎತ್ತುಗಳಿಲ್ಲ, ಮುಂಗಾರು ಬೇರೆ ಹಿಡಿದುಕೊಂಡಿತ್ತು. ಬೆಂಗಳೂರಿನಿಂದ ಎಳೆದು ತಂದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಾರೆ ಒಡೆಸಿ 26ರಂದು ಹಿಂತಿರುಗಿದ. ಮೇಲುಕೋಟೆಯ ಬಳಿ ಎದುರಾದ ಕುದುರೆದಂಡನ್ನು ಮೊದಲು ಶತ್ರುವೆಂದೇ ಭಾವಿಸಿದರು. ಅದು ಹರಿಪಂತ ಮತ್ತು ಪರಶುರಾಮ ಭಾವೂ ಪಟವರ್ಧನರ ಮರಾಠ ಸೇನೆ. ಆ ಬಿಡಾರದ ಬಜಾರಿನಲ್ಲಿ ಇಲ್ಲದ ಪದಾರ್ಥವಿರಲಿಲ್ಲ. ಹೇಳಿದ ಬೆಲೆ ಕೊಟ್ಟು ಇಂಗ್ಲಿಷರು ಹೊಟ್ಟೆ ತುಂಬಿಸಿಕೊಂಡರು. ಮಿತ್ರರಿಗೆ ಮಾರುವಾಗಲೂ ಮರಾಠ ಬಜಾರಿನವರು ದರ ಇಳಿಸಲಿಲ್ಲವೆಂದು ಇಂಗ್ಲಿಷ್ ಅಧಿಕಾರಿಗಳು ಗೊಣಗಿಕೊಂಡಿದ್ದಾರೆ. ಗೊಣಗಾಟಕ್ಕೆ ಅರ್ಥವಿಲ್ಲ, ಸೈನ್ಯದ ಜೊತೆ ಹೋಗುವ ಬಜಾರಿನವರು ವ್ಯಾಪಾರಕ್ಕೇ ಹೋದವರು.

ಮಿತ್ರಸೇನೆಗಳ ನಡತೆಗೆ ಇನ್ನೊಂದು ಮುಖವಿತ್ತು. ಅದೇ 1791ರಲ್ಲಿ ಪಟವರ್ಧನರ ಮರಾಠ ಪಡೆಯ ಜೊತೆಗಿದ್ದವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಶಾರದೆಯ ಪುನಃಪ್ರತಿಷ್ಠೆಗೆ ಹಣ, ಸಾಮಗ್ರಿ ಕಳಿಸಿದವನು ಟಿಪ್ಪು. ಈ ಸಂಬಂಧ ಅವನು ಜಗದ್ಗುರುಗಳಿಗೆ ಬರೆಸಿದ ಕನ್ನಡ ಪತ್ರಗಳನ್ನು ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. ಹದಿನೆಂಟನೆಯ ಶತಮಾನದ ಯುದ್ಧಗಳನ್ನು ಧರ್ಮದ ಎರಡು ಪಾಳೆಯಗಳಾಗಿ ವಿಂಗಡಿಸಲು ಹೊರಟವರಿಗೆ ಎರಡೂ ಕಡೆಯಿಂದ ತೊಡಕು ಕೊಡುವ ಪ್ರಸಂಗವಿದು.

ಮುಂದಿನ ಎಂಟು ತಿಂಗಳಲ್ಲಿ ಕಾರ್ನ್‌ವಾಲಿಸ್ ಪಾಠ ಕಲಿತ. ಬೆಂಗಳೂರಿನ ಸುತ್ತಣ ನಂದಿ, ಸಾವನದುರ್ಗಗಳನ್ನು 1791ರ ಅಕ್ಟೋಬರ್ ಮತ್ತು ಡಿಸೆಂಬರ್‌ನಲ್ಲಿ ಹಿಡಿದು ದಾರಿ ಭದ್ರ ಮಾಡಿಕೊಂಡ. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನಿಗೆ ಗೂಢಚಾರಿಕೆ ಮತ್ತು ಧಾನ್ಯ ಎರಡರ ಉಸ್ತುವಾರಿ ವಹಿಸಿದ. ಎರಡೂ ಒಬ್ಬನ ಕೈಗೆ ಬಂದದ್ದು ಆಕಸ್ಮಿಕವಲ್ಲ, ಏಕೆಂದರೆ ಎರಡನ್ನೂ ತರುತ್ತಿದ್ದವರು ಬಂಜಾರರು.

ಬಂಜಾರರು

ನಮ್ಮ ಲಂಬಾಣಿ ಸಮುದಾಯದ ಪೂರ್ವಿಕರಾದ ಬಂಜಾರರು ಎತ್ತುಗಳ ಬೆನ್ನಿನ ಮೇಲೆ ಕಾಳು, ಉಪ್ಪು ಹೇರಿಕೊಂಡು ದಖ್ಖನ್ನಿನ ಉದ್ದಗಲಕ್ಕೂ ಅಲೆಯುತ್ತಿದ್ದರು. ಮೊಗಲರಿಗೂ ಮರಾಠರಿಗೂ ಹೈದರನಿಗೂ ಕಂಪನಿಗೂ ಅವರೇ ಬೇಕು. ಯಾವ ಪಕ್ಷವೂ ಅವರನ್ನು ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಇಂದು ಮುಟ್ಟಿದರೆ ನಾಳೆ ತನ್ನ ಬಿಡಾರಕ್ಕೆ ಅವರು ಬರುವುದಿಲ್ಲ ಎಂಬ ಭಯ ಎಲ್ಲ ಸೇನಾಪತಿಗಳಿಗೂ ಇತ್ತು. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರವಲಯದ ಮೇಲೆ ನಡೆದ ದಾಳಿಯ ಹಿಂದೆ ಇವರ ಎತ್ತುಗಳ ಸಾಲುಗಳಿದ್ದವು. ಹಿಂದಿನ ವರ್ಷ ಹಸಿದು ಓಡಿದ್ದ ಸೇನೆ ಈ ಸಲ ಉಣ್ಣುತ್ತಿತ್ತು, ಅಷ್ಟೇ ವ್ಯತ್ಯಾಸ.

1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡುಪ್ರದೇಶಕ್ಕೆ ರೈಲು ಬಂತು. ಗಾಡಿರಸ್ತೆ, ರೈಲುಗಳ ನಡುವೆ ಹೇರೆತ್ತಿನ ಕಸುಬು ಕರಗಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಮಾರಿಗಳನ್ನು ಹುಟ್ಟಿನಿಂದಲೇ ಗುಮಾನಿಗೆ ಒಳಪಡಿಸಿತು. ಸಾಮ್ರಾಜ್ಯದ ದಂಡಿಗೆ ಅನ್ನ ಹೊತ್ತವರ ಮೊಮ್ಮಕ್ಕಳು ಹಲವೆಡೆ ಪೊಲೀಸು ಠಾಣೆಯಲ್ಲಿ ಹಾಜರಿ ಹಾಕಬೇಕಾಯಿತು. ಯುದ್ಧದ ಇತಿಹಾಸದಲ್ಲಿ ಇಷ್ಟು ನೇರವಾದ ಕೃತಘ್ನತೆಗೆ ಉದಾಹರಣೆಗಳು ಕಡಿಮೆ.

ಶಾಂತಿಯ ದರ

1792ರ ಮಾರ್ಚ್ 18ರ ಶ್ರೀರಂಗಪಟ್ಟಣದ ಒಪ್ಪಂದ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕಿತ್ತುಕೊಂಡಿತು. ಹಣ ಸಲ್ಲುವವರೆಗೆ ಅವನ ಇಬ್ಬರು ಚಿಕ್ಕ ಮಕ್ಕಳು ಒತ್ತೆಯಾಳುಗಳು. ದಂಡದ ಹೊರೆ ಅಧಿಕಾರಿಗಳ ಮೇಲೂ ಪ್ರಜೆಗಳ ಮೇಲೂ ಬಿತ್ತು. ಬೆಂಗಳೂರು ಟಿಪ್ಪುವಿಗೆ ವಾಪಸಾಯಿತು. ಮತ್ತೆ ಶತ್ರುವಿಗೆ ಉಗ್ರಾಣವಾಗದಿರಲೆಂದು ಅವನು ಕೋಟೆಯನ್ನು ಕೆಡವಿಸಿದ. ಕಂಪನಿ, ನಿಜಾಮ, ಮರಾಠರ ಸೀಮೆಗಳೊಡನೆ ವ್ಯಾಪಾರವನ್ನೇ ನಿಷೇಧಿಸಿದ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್, ಈ ನಿಷೇಧ ಪೇಟೆಯ ವ್ಯಾಪಾರವನ್ನು ಹೇಗೆ ಕುಗ್ಗಿಸಿತ್ತೆಂದೂ ಚದುರಿದ ವರ್ತಕರು, ನೇಕಾರರು ಹೇಗೆ ಮರಳಿ ಬರುತ್ತಿದ್ದರೆಂದೂ ಬರೆದಿದ್ದಾನೆ. ಬುಕನನ್ ಗೆದ್ದ ಕಂಪನಿಯ ನೌಕರ, ಟಿಪ್ಪುವಿನ ಆಳ್ವಿಕೆ ಕೆಟ್ಟದ್ದೆಂದು ತೋರಿಸುವುದು ಅವನ ಧಣಿಗಳಿಗೆ ಬೇಕಿತ್ತು ಎಂಬುದನ್ನು ನೆನಪಿಟ್ಟುಕೊಂಡೇ ಅವನನ್ನು ಓದಬೇಕು. ಆದರೂ ಗಡಿ ಮುಚ್ಚಿದರೆ ಗಡಿಯ ಊರು ಬಡವಾಗುತ್ತದೆಂಬುದರಲ್ಲಿ ಸಂಶಯವಿಲ್ಲ.

ನಾಲ್ಕನೆಯ ಮೈಸೂರು ಯುದ್ಧದಲ್ಲಿ, 1799ರ ಮೇ 4ರಂದು ಟಿಪ್ಪು ಮಡಿದ. ಒಡೆಯರ ಪಟ್ಟ ಮರಳಿತು. ಬದಲಿಗೆ ಕಂಪನಿಯ ಸೈನ್ಯವನ್ನು ಸಾಕಲು ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಇದನ್ನು ಹೊಂದಿಸಿದವನು ದಿವಾನ್ ಪೂರ್ಣಯ್ಯ. ಹೈದರನ ಅರಮನೆಗೆ ದಿನಸಿ ಒದಗಿಸುತ್ತಿದ್ದ ಶೆಟ್ಟರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಹೈದರ್, ಟಿಪ್ಪು, ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು: ಒಡೆಯರು ಬದಲಾದರೂ ಲೆಕ್ಕದವನು ಬದಲಾಗಲಿಲ್ಲ. ಈ ವಾರ್ಷಿಕ ಕಂತು ಮುಂದೆ ರಾಜಕೀಯವೇ ಆಯಿತು. 1830ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ಕಂದಾಯದ ಕಿರುಕುಳದ ವಿರುದ್ಧ ಕೂಟ ಕಟ್ಟಿ ಬಂಡೆದ್ದರು. ಅದನ್ನೂ ಕಂತಿನ ಬಾಕಿಯನ್ನೂ ಮುಂದಿಟ್ಟು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡ. ಅರಮನೆಯ ಮೇಲೆ ಒಂದೂ ಗುಂಡು ಹಾರದೆ ರಾಜ್ಯ ಕೈ ಬದಲಾಯಿಸಿತು. ಕೋಟೆಯೊಳಗಿನ ಟಿಪ್ಪುವಿನ ಬೇಸಿಗೆ ಅರಮನೆ, ಮುತ್ತಿಗೆಯ ವರ್ಷವಾದ 1791ರಲ್ಲೇ ಮುಗಿದದ್ದು, 1868ರವರೆಗೆ ಬ್ರಿಟಿಷ್ ಕಮಿಷನರರ ಕಚೇರಿಯಾಗಿತ್ತು.

ನೆನಪಿನ ರಾಜಕೀಯ

ಕೋಟೆಯಲ್ಲಿ ಈಗ ಉಳಿದಿರುವುದು ದಿಲ್ಲಿ ಬಾಗಿಲು ಮತ್ತು ಅದರ ಆಸುಪಾಸಿನ ಬುರುಜುಗಳು. ಬ್ರಿಟಿಷರು ನುಗ್ಗಿದ ಬಿರುಕಿನ ಜಾಗಕ್ಕೆ ಫಲಕವಿದೆ. ಮಾರುಕಟ್ಟೆಯ ಬಳಿಯ ದರ್ಗಾ ಬಹಾದೂರ್ ಖಾನನದೆಂದು ನಂಬುವವರಿದ್ದಾರೆ. ಟಿಪ್ಪುವಿನ ಬಾಣಗಳು, ಎಂದರೆ ಕಬ್ಬಿಣದ ಕೊಳವೆಯ ರಾಕೆಟ್ಟುಗಳು, ತಾರಾಮಂಡಲಪೇಟೆಯಲ್ಲಿ ತಯಾರಾಗುತ್ತಿದ್ದವೆಂಬ ಪ್ರತೀತಿಯೂ ಗಟ್ಟಿಯಾಗಿದೆ. ಇವೆಲ್ಲ ತಣ್ಣಗಿನ ಚರಿತ್ರೆಯಾಗಿ ಉಳಿದಿಲ್ಲ. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿತು, 2019ರಲ್ಲಿ ಬೇರೆ ಸರ್ಕಾರ ಅದನ್ನು ರದ್ದು ಮಾಡಿತು. ಇನ್ನೂರು ವರ್ಷ ಹಿಂದಿನ ಯುದ್ಧವನ್ನು ಮತದಾನದ ಲೆಕ್ಕದಲ್ಲಿ ಮತ್ತೆ ಹೂಡಲು ಬರುತ್ತದೆಂಬುದು ಎರಡೂ ಕಡೆಯವರಿಗೂ ಗೊತ್ತು.

ಇಪ್ಪತ್ತನೆಯ ಶತಮಾನ ಮತ್ತು ಈಚೆಗೆ

ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಲ್ಯಾನ್ಸರ್ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ಕುದುರೆದಾಳಿಯಲ್ಲಿತ್ತು. ಎರಡನೆಯ ಮಹಾಯುದ್ಧ ಬೆಂಗಳೂರನ್ನು ಇನ್ನೂ ಆಳವಾಗಿ ಬದಲಿಸಿತು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದೊಡನೆ ಸೇರಿ ವಿಮಾನ ಕಾರ್ಖಾನೆ ಸ್ಥಾಪಿಸಿದರು. ಇಂದಿನ ಎಚ್‌ಎಎಲ್ ಅದು. ಊರಿನ ಮುಂದಿನ ಕೈಗಾರಿಕಾ ಬದುಕು ಬಹುಪಾಲು ರಕ್ಷಣಾ ಇಲಾಖೆಯ ಕೊಂಡುಕೊಳ್ಳುವಿಕೆಯ ಸುತ್ತ ಬೆಳೆಯಿತು. 1942ರಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿನ ಅಕ್ಕಿ ನಿಂತಿತು. ಅಕ್ಕಿ ಸಿಗದ ಆ ದಿನಗಳಲ್ಲೇ ರವೆ ಇಡ್ಲಿ ಹುಟ್ಟಿತೆಂದು ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಅದೇ ವರ್ಷದ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಪೇಟೆಯ ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದರು. ಮೈಸೂರು ಬ್ಯಾಂಕ್ ವೃತ್ತದಲ್ಲಿ ಮಡಿದವರ ಸ್ಮಾರಕವಿದೆ. ಜವಾಬ್ದಾರಿ ಸರ್ಕಾರ ಕೇಳಿ ನಡೆದ 1947ರ ಸೆಪ್ಟೆಂಬರ್‌ನ ಮೈಸೂರು ಚಲೋ ಚಳವಳಿ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲದೊಂದಿಗೆ ಮುಗಿಯಿತು; ಆಳುವವರನ್ನು ಗೊತ್ತುಮಾಡುವ ಅಧಿಕಾರ ಅಲ್ಲಿಂದ ಮತಪೆಟ್ಟಿಗೆಗೆ ಸರಿಯಿತು.

ಸಗಟು ವ್ಯಾಪಾರದ ದೊಡ್ಡ ಭಾಗ ಯಶವಂತಪುರದ ಎಪಿಎಂಸಿ ಅಂಗಳಕ್ಕೆ ಹೋಗಿದೆ. ಆದರೂ ಹೊಸ ತರಗುಪೇಟೆಯ ಓಣಿಗಳಲ್ಲಿ ಹಮಾಲಿಗಳು ಕೊಕ್ಕೆ ಹಾಕಿ ಮೂಟೆ ಬೆನ್ನಿಗೇರಿಸುವುದು ನಿಂತಿಲ್ಲ. ಮಂಡಿಯವರು ಇಂದಿಗೂ ಮೂಟೆಗೆ ಚೂಪಾದ ಕೊಳವೆ ಚುಚ್ಚಿ, ಉದುರಿದ ಬೇಳೆಯನ್ನು ಅಂಗೈ ಮೇಲೆ ಹರಡಿ, ಉಗುರಿನಿಂದ ಒಡೆದು ನೋಡಿ ದರ ಹೇಳುತ್ತಾರೆ. ಆ ದರದೊಳಗೆ ದೂರದ ಯುದ್ಧಗಳು ಬಂದು ಕೂರುತ್ತವೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿದ್ದಾಗ ಸೂರ್ಯಕಾಂತಿ ಎಣ್ಣೆಯ ಬೆಲೆ ಇಲ್ಲಿ ಏರಿತು. ಭಾರತ ಆಮದು ಮಾಡಿಕೊಳ್ಳುತ್ತಿದ್ದ ಆ ಎಣ್ಣೆಯ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಮೇ 13ರಂದು ಕೇಂದ್ರ ಗೋಧಿ ರಫ್ತು ನಿಷೇಧಿಸಿತು. ಕಪ್ಪು ಸಮುದ್ರದ ಮೂಲಕ ಧಾನ್ಯದ ಹಡಗುಗಳಿಗೆ ದಾರಿ ಬಿಡುವ ಒಪ್ಪಂದ ಜುಲೈನಲ್ಲಾಯಿತು, ಒಂದು ವರ್ಷ ಕೂಡ ತುಂಬದೆ 2023ರ ಜುಲೈ 17ರಂದು ಮುರಿಯಿತು. ನಾಗರಿಕರನ್ನು ಹಸಿವಿಗೆ ದೂಡುವುದು ಯುದ್ಧತಂತ್ರವಾಗಕೂಡದೆಂದು 1977ರ ಜಿನೀವಾ ಪೂರಕ ಒಪ್ಪಂದವೂ 2018ರ ಭದ್ರತಾ ಮಂಡಳಿಯ 2417ನೇ ನಿರ್ಣಯವೂ ಹೇಳುತ್ತವೆ. ಅವನ್ನು ಮೀರಿದವರಿಗೆ ಶಿಕ್ಷೆಯಾದದ್ದು ಅಪರೂಪ.

ಯುದ್ಧವಿಲ್ಲದಾಗಲೂ ಧಾನ್ಯದ ರಾಜಕೀಯ ನಿಲ್ಲುವುದಿಲ್ಲ. 2023ರಲ್ಲಿ ಬಡವರಿಗೆ ಉಚಿತ ಅಕ್ಕಿ ಕೊಡುವ ಅನ್ನಭಾಗ್ಯ ಯೋಜನೆಗೆ ಹೆಚ್ಚುವರಿ ಅಕ್ಕಿಯನ್ನು ಆಹಾರ ನಿಗಮದಿಂದ ಕೊಳ್ಳಲು ಕರ್ನಾಟಕ ಸರ್ಕಾರ ಸಿದ್ಧವಿತ್ತು. ಜೂನ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಆ ಮಾರಾಟವನ್ನು ನಿಲ್ಲಿಸಿತು. ಬೆಲೆ ಏರಿಕೆ ತಡೆಯಲು ದಾಸ್ತಾನು ಬೇಕೆಂದು ದಿಲ್ಲಿ ಹೇಳಿತು. ಇದು ದ್ವೇಷದ ರಾಜಕಾರಣವೆಂದು ಬೆಂಗಳೂರು ಹೇಳಿತು. ಕೊನೆಗೆ ರಾಜ್ಯ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕತೊಡಗಿತು. ಮುತ್ತಿಗೆಯೂ ಇಲ್ಲ, ಕಂದಕವೂ ಇಲ್ಲ. ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿರಬೇಕೆಂಬ ವ್ಯಾಜ್ಯ ಪತ್ರಿಕಾಗೋಷ್ಠಿ, ನಿಯೋಗ, ಧರಣಿಗಳಲ್ಲಿ ಕೆಲವು ವಾರ ನಡೆಯಿತು.